ನಾಡಗೀರ ವಾಡೆ: ಹೊರಗಿಂದನ ನೋಡ್ರಿ

ಅಲ್ಲೇ ನಿಲ್ರಿ, ಹೊಸ್ತಿಲಾ ದಾಟಬ್ಯಾಡ್ರಿ. ಇದು ಮ್ಯೂಸಿಯಂ ಅಲ್ರಿ, ಕುಂದಗೋಳದ ನಾಡಗೀರ ಮನೆತನದ ವಾಡೆ. ಮೊಬೈಲ್ ಎಷ್ಟ ಝೂಮ್ ಮಾಡಿದ್ರೂ ಕಾಣೂದು ಗ್ವಾಡಿ, ಬಾಗಲಾ ಅಷ್ಟ. ಕೇಳೂದು ಮಾತ್ರ ಭಾಳ ಐತಿ.

ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬ್ರು ಇಲ್ಲಿಗೆ ಬಂದು ಉಳೀತಿದ್ರು. ಅವರ ಶಿಷ್ಯ, ಕುಂದಗೋಳದ ರಾಮಭಾವು, ಮುಂದ ಸವಾಯಿ ಗಂಧರ್ವ ಅಂತ ಹೆಸರಾದ್ರು. ಈ ಸವಾಯಿ ಗಂಧರ್ವರ ಹತ್ರ ಕಲಿಯಾಕ 1936ರಾಗ ಭೀಮಸೇನ ಜೋಶಿ ಬಂದ್ರು. ಗುರುವಿನ ಮನಿಗೆ ಕೊಡ ಹೊತ್ತು ನೀರೂ ತಂದ್ರು. ಗಂಗೂಬಾಯಿ ಹಾನಗಲ್ಲರು ಪಾಠಕ್ಕ ಹುಬ್ಬಳ್ಳಿಯಿಂದ ರೈಲು ಹತ್ತಿ ಬರ್ತಿದ್ರು.

ಒಳಗ ನೋಡಬೇಕಂದ್ರ ಸವಾಯಿ ಗಂಧರ್ವ ಸಂಗೀತೋತ್ಸವಕ್ಕ ಬರ್ರಿ. ಅದು ಇದೇ ವಾಡೆದಾಗ ನಡೀತೈತಿ. ಚಪ್ಪಲಿ ಹೊರಗ ಬಿಟ್ಟು, ಮೊಬೈಲ್ ಸೈಲೆಂಟ್ ಮಾಡಿ ಕುಂದರ್ರಿ.