ಮೇವು ಕತ್ತರಿಸುವ ಯಂತ್ರ: ಗೇರು ಹಾಕುವಾಗ, ಬಿಡಿಸುವಾಗ ಎಚ್ಚರ



ಮೇವನ್ನು ಕತ್ತರಿಸಿ ಹಾಕಿದರೆ ರಾಸುಗಳು ತಿನ್ನುವುದು ಹೆಚ್ಚು, ತುಳಿದು ಹಾಳು ಮಾಡುವುದು ಕಡಿಮೆ ಎಂಬುದು ತಮಗೆಲ್ಲ ತಿಳಿದ ವಿಷಯ. ನಮ್ಮ ದಾವಣಗೆರೆ, ಹರಿಹರ ಸೀಮೆಯಲ್ಲಿ ಮೆಕ್ಕೆಜೋಳದ ದಂಟು ಬೇಕಾದಷ್ಟಿದೆ. ಭದ್ರಾ ನಾಲೆಯ ಕೆಳಗೆ ಭತ್ತದ ಹುಲ್ಲಿಗೂ ಬರವಿಲ್ಲ. ಆದರೆ ಇಡೀ ದಂಟನ್ನು ಗೋದಲಿಗೆ ಹಾಕಿದರೆ ಹಸು ಎಲೆಯನ್ನು ತಿಂದು ಬುಡವನ್ನು ಬಿಡುತ್ತದೆ. ಅದನ್ನೇ 2ರಿಂದ 3 ಸೆಂ.ಮೀ. ತುಂಡು ಮಾಡಿ ಹಾಕಿದರೆ ಬುಡವೂ ಹೊಟ್ಟೆಗೆ ಹೋಗುತ್ತದೆ. ಈ ಲಾಭವನ್ನು ಕಂಡೇ ಅನೇಕ ಸದಸ್ಯರು ಮೋಟಾರು ಜೋಡಿಸಿದ ಮೇವು ಕತ್ತರಿಸುವ ಯಂತ್ರವನ್ನು ಕೊಟ್ಟಿಗೆಗೆ ತಂದಿದ್ದಾರೆ. ಇದು ಒಳ್ಳೆಯದೇ.

ಆದರೆ ಕೊಟ್ಟಿಗೆಯಲ್ಲಿರುವ ಸಾಮಾನುಗಳ ಪೈಕಿ ಮನುಷ್ಯನ ಕೈಯನ್ನು ತೆಗೆಯಬಲ್ಲ ಸಾಮಾನು ಇದೊಂದೇ. ಮೇವು ಸರಾಗವಾಗಿ ಹೋಗುತ್ತಿರುವಾಗ ಕೈ ದೂರವಿರುತ್ತದೆ. ಮೇವು ಸಿಕ್ಕಿಕೊಂಡು, "ಗೇರು ಬಿಡಿಸಿದ್ದೇನೆ, ಇನ್ನೇನು ಭಯ" ಎಂದು ಕೈ ಮುಂದೆ ಹೋಗುವ ಗಳಿಗೆಯೇ ಕೆಟ್ಟದ್ದು. ಆದ್ದರಿಂದ ಈ ಲೇಖನದಲ್ಲಿ ಗೇರಿನ ಹಿಡಿಯ ಬಗ್ಗೆಯೇ ವಿವರವಾಗಿ ತಿಳಿದುಕೊಳ್ಳೋಣ.

ಗೇರಿನ ಹಿಡಿ ಏನು ಮಾಡುತ್ತದೆ?

ಯಂತ್ರದಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಅಲಗುಗಳನ್ನು ಹೊತ್ತ ದೊಡ್ಡ ಚಕ್ರ. ಮೋಟಾರಿನ ಬೆಲ್ಟು ಇದನ್ನು ನೇರವಾಗಿ ತಿರುಗಿಸುತ್ತದೆ. ಎರಡನೆಯದು ಮೇವನ್ನು ಒಳಗೆ ಎಳೆಯುವ ಹಲ್ಲಿನ ರೋಲರುಗಳು. ಇವುಗಳಿಗೆ ಚಾಲನೆ ಬರುವುದು ಚಕ್ರದ ಶಾಫ್ಟಿನಿಂದ ಗೇರುಗಳ ಮೂಲಕ. ಗೇರಿನ ಹಿಡಿ ಇರುವುದು ಈ ಎರಡು ಭಾಗಗಳ ನಡುವೆ.

ಸಾಮಾನ್ಯವಾಗಿ ಹಿಡಿಗೆ ಮೂರು ಸ್ಥಾನಗಳಿರುತ್ತವೆ. ಮುಂದಕ್ಕೆ ಹಾಕಿದರೆ ರೋಲರು ಮೇವನ್ನು ಒಳಗೆ ಎಳೆಯುತ್ತದೆ. ಹಿಂದಕ್ಕೆ ಹಾಕಿದರೆ ಹೊರಗೆ ತಳ್ಳುತ್ತದೆ. ನಡುವೆ ನಿಲ್ಲಿಸಿದರೆ, ಅಂದರೆ ನ್ಯೂಟ್ರಲ್‌ಗೆ ತಂದರೆ, ರೋಲರು ನಿಲ್ಲುತ್ತದೆ. ಇಲ್ಲಿ ತಾವು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ನ್ಯೂಟ್ರಲ್‌ನಲ್ಲಿ ನಿಂತದ್ದು ರೋಲರು ಮಾತ್ರ. ಅಲಗಿನ ಚಕ್ರ ಮೊದಲಿನ ವೇಗದಲ್ಲೇ ತಿರುಗುತ್ತಿರುತ್ತದೆ. ರೋಲರಿಗೂ ಅಲಗಿಗೂ ನಡುವಿನ ಅಂತರ ಕೆಲವೇ ಬೆರಳುಗಳಷ್ಟು.

ಮಿಲ್ಲಿನ ಅಭ್ಯಾಸ ಇಲ್ಲಿ ನಡೆಯದು

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ, ಅಕ್ಕಿ ಮಿಲ್ಲುಗಳಲ್ಲಿ ಕೆಲಸ ಮಾಡಿದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಹಳೆಯ ಮಿಲ್ಲುಗಳಲ್ಲಿ ಒಂದೇ ಉದ್ದನೆಯ ಶಾಫ್ಟಿನಿಂದ ಹಲವು ಯಂತ್ರಗಳಿಗೆ ಬೆಲ್ಟು ಹೋಗುತ್ತಿತ್ತು. ಪ್ರತಿ ಯಂತ್ರಕ್ಕೂ ಅಕ್ಕಪಕ್ಕದಲ್ಲಿ ಎರಡು ಪುಲ್ಲಿಗಳು. ಒಂದು ಯಂತ್ರದ ಶಾಫ್ಟಿಗೆ ಬಿಗಿಯಾಗಿ ಕೂತ ಪುಲ್ಲಿ, ಇನ್ನೊಂದು ಸುಮ್ಮನೆ ಸುತ್ತುವ ಲೂಸ್ ಪುಲ್ಲಿ. ಹಿಡಿಯಿಂದ ಬೆಲ್ಟನ್ನು ಲೂಸ್ ಪುಲ್ಲಿಗೆ ಸರಿಸಿದರೆ ಆ ಯಂತ್ರಕ್ಕೆ ಚಾಲನೆ ಪೂರ್ತಿ ತಪ್ಪುತ್ತಿತ್ತು. "ಲೂಸಿಗೆ ಹಾಕು" ಎಂದರೆ ಯಂತ್ರ ನಿಲ್ಲಿಸು ಎಂದೇ ಅರ್ಥ.

ಮೇವಿನ ಯಂತ್ರದ ನ್ಯೂಟ್ರಲ್ ಅಂಥದ್ದಲ್ಲ. ಮಿಲ್ಲಿನಲ್ಲಿ ಹಿಡಿ ಸರಿಸಿದರೆ ಇಡೀ ಯಂತ್ರಕ್ಕೆ ಚಾಲನೆ ತಪ್ಪುತ್ತಿತ್ತು. ಇಲ್ಲಿ ಹಿಡಿ ಸರಿಸಿದರೂ ಕತ್ತರಿಸುವ ಭಾಗಕ್ಕೆ ಚಾಲನೆ ಇದ್ದೇ ಇರುತ್ತದೆ. ಹಳೆಯ ಅಭ್ಯಾಸದ ಧೈರ್ಯದಿಂದ ಇಲ್ಲಿ ಕೈ ಹಾಕಬಾರದು.

ಅಷ್ಟು ಸುರಕ್ಷಿತವಾದ ಲೂಸ್ ಪುಲ್ಲಿಯನ್ನೂ ಕಾನೂನು ಪೂರ್ತಿ ನಂಬಿರಲಿಲ್ಲ. ಸರಿಸಿದ ಬೆಲ್ಟು ತಾನಾಗಿ ತೆವಳಿ ಬಿಗಿ ಪುಲ್ಲಿಯ ಮೇಲೆ ಬಾರದಂತೆ ಹಿಡಿಯ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 24ನೇ ಕಲಮು ವಿಧಿಸಿತ್ತು. ತುರ್ತಿನಲ್ಲಿ ಚಾಲನೆ ಕಡಿಯುವ ಸಾಧನ ಪ್ರತಿ ಕೆಲಸದ ಕೋಣೆಯಲ್ಲೂ ಇರಬೇಕೆಂದೂ ಅದು ಹೇಳಿತ್ತು. ಕಾರ್ಖಾನೆಯನ್ನು ನೋಡಲು ಇನ್ಸ್‌ಪೆಕ್ಟರ್ ಬರುತ್ತಾರೆ. ನಮ್ಮ ಕೊಟ್ಟಿಗೆಗೆ ಯಾರೂ ಬರುವುದಿಲ್ಲ. ಇಲ್ಲಿ ಇನ್ಸ್‌ಪೆಕ್ಟರ್ ತಾವೇ.

ಹಲ್ಲು ಬಿಡಿಸುವುದು ಯಾವಾಗ, ಕೂಡಿಸುವುದು ಯಾವಾಗ?

ಗೇರು ಬಿಡಿಸುವುದೂ ಗೇರು ಹಾಕುವುದೂ ಒಂದೇ ಬಗೆಯ ಕೆಲಸವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು ಗ್ರಹಿಕೆ.

ಬಿಡಿಸುವುದನ್ನು, ಅಂದರೆ ನ್ಯೂಟ್ರಲ್‌ಗೆ ತರುವುದನ್ನು, ಯಂತ್ರ ಓಡುತ್ತಿರುವಾಗಲೂ ಮಾಡಬಹುದು. ಕೂಡಿರುವ ಹಲ್ಲುಗಳು ಬೇರೆಯಾಗುತ್ತವೆ ಅಷ್ಟೆ. ಆದರೆ ರೋಲರಿನಲ್ಲಿ ಮೇವು ಒತ್ತಿಕೊಂಡಿದ್ದರೆ ಹಲ್ಲಿನ ಮೇಲೆ ಹಲ್ಲು ಬಿಗಿಯಾಗಿ ಒತ್ತಿರುತ್ತದೆ, ಹಿಡಿ ಸುಲಭವಾಗಿ ಬರುವುದಿಲ್ಲ. ಆಗ ಹಿಡಿಯ ಮೇಲೆ ಮೈಭಾರ ಹಾಕಿ ಜಗ್ಗಬೇಡಿ. ಹಿಡಿ ಒಮ್ಮೆಲೇ ಬಿಟ್ಟರೆ ಮುಗ್ಗರಿಸಿ ಯಂತ್ರದ ಮೇಲೆ ಬೀಳುವ ಸಂಭವವಿದೆ. ಮೇವು ಕೊಡುವುದನ್ನು ನಿಲ್ಲಿಸಿ, ಸ್ವಿಚ್ಚು ತೆಗೆಯಿರಿ. ಒತ್ತಡ ಇಳಿದ ಮೇಲೆ ಹಿಡಿ ತಾನೇ ಸಡಿಲವಾಗುತ್ತದೆ.

ಕೂಡಿಸುವುದನ್ನು, ಅಂದರೆ ಮುಂದಕ್ಕೋ ಹಿಂದಕ್ಕೋ ಹಾಕುವುದನ್ನು, ಚಕ್ರ ಪೂರ್ತಿ ನಿಂತ ಮೇಲೆಯೇ ಮಾಡಬೇಕು. ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ಒತ್ತಿದರೆ ತುದಿಗೆ ತುದಿ ಬಡಿದು ಸದ್ದಾಗುತ್ತದೆ, ಹಲ್ಲಿನ ಚೂರು ಹಾರುತ್ತದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಈಗ ಮುಚ್ಚಿದೆ. ಆದರೆ ಲೇತ್ ಕೆಲಸ ಬಲ್ಲ ಯಾರನ್ನೇ ಕೇಳಿ, ಚಕ್ಕು ನಿಂತ ಮೇಲೆಯೇ ವೇಗದ ಲಿವರು ಬದಲಿಸಬೇಕು ಎನ್ನುತ್ತಾರೆ. ನುರಿತ ಕೆಲಸಗಾರರೇ ಪಾಲಿಸುವ ಈ ನಿಯಮ ನಮಗೂ ಇರಲಿ.

ನಿಂತ ಮೇಲೂ ಕೆಲವೊಮ್ಮೆ ಹಿಡಿ ಕೂರುವುದಿಲ್ಲ. ಹಲ್ಲಿನ ಎದುರಿಗೆ ಹಲ್ಲು ಬಂದು ನಿಂತಿರುವುದೇ ಇದಕ್ಕೆ ಕಾರಣ. ಆಗ ಪ್ಲಗ್ಗು ಕಿತ್ತು, ಚಕ್ರಕ್ಕೆ ಉದ್ದನೆಯ ಮರದ ಕೋಲು ಕೊಟ್ಟು ಸ್ವಲ್ಪ ಸರಿಸಿದರೆ ಹಲ್ಲು ಕೂಡುತ್ತದೆ. ಕೈಯಿಂದ ಚಕ್ರ ಹಿಡಿದು ತಿರುಗಿಸಬೇಡಿ. ಕರೆಂಟು ಇಲ್ಲದಿದ್ದರೂ ಅಲಗು ಅಲಗೇ. ಒಬ್ಬರು ಚಕ್ರ ಸರಿಸುವಾಗ ಇನ್ನೊಬ್ಬರ ಕೈ ಬಾಯಿಯ ಬಳಿ ಇರಲೇಬಾರದು.

ಓಡುತ್ತಿರುವಾಗಲೇ ಹಿಂದಕ್ಕೆ ಹಾಕಬಹುದಾದ ಯಂತ್ರಗಳೂ ಇವೆ. ತಮ್ಮ ಯಂತ್ರ ಅಂಥದ್ದೇ ಎಂಬುದನ್ನು ತಯಾರಕರ ಕೈಪಿಡಿಯಿಂದ ಅಥವಾ ಮಾರಿದವರಿಂದ ಖಚಿತಪಡಿಸಿಕೊಳ್ಳಿ. ಯಾರದಾದರೂ ಕೈ ಸಿಕ್ಕಿದ ಹೊತ್ತಿನಲ್ಲಿ ಮಾತ್ರ ಈ ವಿಚಾರ ಬೇಡ. ಹಲ್ಲು ಮುರಿದರೆ ಮುರಿಯಲಿ, ಹಿಡಿಯನ್ನು ಎಳೆಯಿರಿ.

ಒಂದು ಸೆಕೆಂಡಿನ ಲೆಕ್ಕ

"ಸಿಕ್ಕಿದ ಕೂಡಲೇ ಕೈ ಬಿಡುತ್ತೇನೆ" ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಚಕ್ರದಲ್ಲಿ 2 ಅಲಗುಗಳಿವೆ, ಅದು ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ತುಂಡಿನ ಉದ್ದ 2 ಸೆಂ.ಮೀ. ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 600 ಕಡಿತ, ಅಂದರೆ 1200 ಸೆಂ.ಮೀ. ಮೇವು ಒಳಗೆ ಹೋಗುತ್ತದೆ. ಸೆಕೆಂಡಿಗೆ 20 ಸೆಂ.ಮೀ., ಒಂದು ಗೇಣಿಗೆ ಹತ್ತಿರ! ರೋಲರಿನಿಂದ ಒಂದು ಗೇಣು ದೂರದಲ್ಲಿ ಸೆರಗೋ ಬಳೆಯೋ ದಂಟಿಗೆ ಸಿಕ್ಕಿದರೆ, "ಅಯ್ಯೋ" ಎನ್ನುವಷ್ಟರಲ್ಲಿ ಕೈ ರೋಲರಿನಲ್ಲಿರುತ್ತದೆ.

ಆದುದರಿಂದಲೇ ಮೇವು ಕೊಡುವ ತಗಡಿನ ದೋಣಿ ಉದ್ದವಾಗಿದ್ದು, ರೋಲರಿನ ಕಡೆಗೆ ಒಂದೂವರೆ ಅಡಿಯಷ್ಟಾದರೂ ಮೇಲೆ ಮುಚ್ಚಿರಬೇಕು. ಮೇವು ತುರುಕಲು ಅಡ್ಡಿಯೆಂದು ಈ ಮುಚ್ಚಳವನ್ನು ಬಿಚ್ಚಿಟ್ಟವರು ಇಂದೇ ಅದನ್ನು ಮತ್ತೆ ಹಾಕಿಸಬೇಕು. ಹರಿಹರ, ದಾವಣಗೆರೆಯ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ ಇದು. ಕೊನೆಯ ಹಿಡಿ ಮೇವನ್ನು ಕೈಯಿಂದ ತಳ್ಳದೆ, ಮುಂದಿನ ಕಟ್ಟಿನಿಂದ ಅಥವಾ ಕೋಲಿನಿಂದ ತಳ್ಳಿರಿ.

ಮೇವು ಸಿಕ್ಕಿಕೊಂಡಾಗ ಅನುಸರಿಸಬೇಕಾದ ಕ್ರಮ

1. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬಾರದಿದ್ದರೆ ಜಗ್ಗದೆ ಎರಡನೇ ಹೆಜ್ಜೆಗೆ ಹೋಗಿ.
2. ಮೋಟಾರಿನ ಸ್ವಿಚ್ಚು ತೆಗೆಯಿರಿ.
3. ಪ್ಲಗ್ಗು ಕೀಳಿ, ಇಲ್ಲವೇ ಮೇನ್ ಇಳಿಸಿ. ಪ್ಲಗ್ಗನ್ನು ತಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ.
4. ಚಕ್ರ ತಾನಾಗಿ ನಿಲ್ಲುವವರೆಗೆ ಕಾಯಿರಿ. ಭಾರದ ಚಕ್ರವಾದ್ದರಿಂದ ಕರೆಂಟು ತೆಗೆದ ಮೇಲೂ ಅದು ಸುತ್ತುತ್ತಲೇ ಇರುತ್ತದೆ. ಸುತ್ತುವ ಚಕ್ರಕ್ಕೆ ಏನನ್ನೂ ಅಡ್ಡ ಕೊಡಬೇಡಿ.
5. ನಿಂತ ಮೇಲೆ ಬೀಗದ ಪಿನ್ನು ಹಾಕಿ. ಪಿನ್ನು ಇಲ್ಲದಿದ್ದರೆ ಚಕ್ರಕ್ಕೆ ಗಟ್ಟಿ ಮರದ ತುಂಡನ್ನು ಅಡ್ಡ ಕೊಡಿ.
6. ಇಷ್ಟಾದ ಮೇಲೆ ಕೋಲಿನಿಂದ ಅಥವಾ ಕೊಕ್ಕೆಯಿಂದ ಮೇವು ಬಿಡಿಸಿ.
7. ಮರದ ತುಂಡು ತೆಗೆದು, ಬಾಯಿಯ ಬಳಿ ಯಾರೂ ಇಲ್ಲವೆಂದು ನೋಡಿ, ಗೇರು ನ್ಯೂಟ್ರಲ್‌ನಲ್ಲಿದೆಯೆಂದು ಖಾತ್ರಿ ಮಾಡಿಕೊಂಡು ಮೋಟಾರು ಹಾಕಿ ಪರೀಕ್ಷಿಸಿ. ಸರಿಯಿದ್ದರೆ ಮತ್ತೆ ನಿಲ್ಲಿಸಿ, ಗೇರು ಕೂಡಿಸಿ, ಕೆಲಸ ಮುಂದುವರಿಸಿ.

ಕರೆಂಟು ಹೋದಾಗ

ಮೇವು ಅರ್ಧ ಒಳಗಿರುವಾಗ ಕರೆಂಟು ಹೋಗುತ್ತದೆ. ಯಂತ್ರ ನಿಂತಿದೆಯಲ್ಲ, ಅಷ್ಟರಲ್ಲಿ ಮೇವು ಎಳೆದುಬಿಡೋಣ ಎನಿಸುತ್ತದೆ. ಹೇಳದೆ ಹೋದ ಕರೆಂಟು ಹೇಳದೆಯೇ ಬರುತ್ತದೆ. ಬರೀ ಸ್ವಿಚ್ಚು ಇರುವ ಯಂತ್ರ ಆ ಕ್ಷಣವೇ ಓಡಲು ತೊಡಗುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸ್ವಿಚ್ಚು ತೆಗೆದು ಪ್ಲಗ್ಗು ಕೀಳುವುದು. ಕರೆಂಟು ಹೋದರೆ ತಾನೇ ಬಿಟ್ಟುಕೊಂಡು, ಮತ್ತೆ ಬಟನ್ ಒತ್ತುವವರೆಗೆ ಓಡಿಸದ ಸ್ಟಾರ್ಟರನ್ನು ಹಾಕಿಸುವುದು ಉತ್ತಮ. ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರನ್ನು ಈ ಯಂತ್ರಕ್ಕೆ ಎಂದಿಗೂ ಹಾಕಬಾರದು.

ಮೇವು ಕೊಡುವವರು ಯಾರು?

ಬಹಳಷ್ಟು ಮನೆಗಳಲ್ಲಿ ಯಂತ್ರ ತರುವವರು ಗಂಡಸರು, ಮೇವು ಕೊಡುವವರು ಹೆಂಗಸರು. ಗೇರು, ಸ್ವಿಚ್ಚುಗಳ ವಿಷಯವನ್ನು ಅಂಗಡಿಯವರು ಗಂಡಸರಿಗೆ ಮಾತ್ರ ಹೇಳಿರುತ್ತಾರೆ. ಮೇವು ಕೊಡುವವರೇ ಹಿಡಿಯನ್ನೂ ಸ್ವಿಚ್ಚನ್ನೂ ಬಳಸಲು ಕಲಿತಿರಬೇಕು, ಎರಡೂ ಅವರು ನಿಂತಲ್ಲಿಂದಲೇ ಕೈಗೆ ಎಟುಕಬೇಕು. ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆ ಕಟ್ಟಿ, ಕೈಬಳೆಗಳನ್ನು ತೆಗೆದಿಟ್ಟು ಕೆಲಸಕ್ಕೆ ನಿಲ್ಲಬೇಕು. ಗಂಡಸರು ಟವೆಲ್ಲು ಹೆಗಲಿಗೆ ಹಾಕಿಕೊಂಡು, ಲುಂಗಿ ಇಳಿಬಿಟ್ಟುಕೊಂಡು ಹತ್ತಿರ ಬರಬಾರದು. ಮಕ್ಕಳನ್ನು ಹತ್ತಿರ ಬಿಡಲೇಬಾರದು. ಕೆಲಸ ಮುಗಿದ ಮೇಲೆ ಚಕ್ರಕ್ಕೆ ಬೀಗ ಹಾಕಿ ಪ್ಲಗ್ಗು ಕಿತ್ತಿಡಿ.

ಗೇರಿನ ಚೂರು ರಾಸಿನ ಹೊಟ್ಟೆಗೆ

ಪಶುವೈದ್ಯನಾಗಿ ಇನ್ನೊಂದು ಮಾತು ಹೇಳಲೇಬೇಕು. ಸಡಿಲವಾದ ಬೋಲ್ಟು, ಅಲಗಿನ ಚೂರು, ಮುರಿದ ಹಲ್ಲಿನ ತುಂಡು ಮೇವಿನಲ್ಲಿ ಸೇರಿದರೆ ಹಸು ಅದನ್ನು ನುಂಗುತ್ತದೆ. ಹಸು ಮೇವನ್ನು ಆರಿಸಿ ಅಗಿಯುವ ಪ್ರಾಣಿಯಲ್ಲ. ನುಂಗಿದ ಕಬ್ಬಿಣ ಜೇನುಹುಟ್ಟಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ ವಪೆ, ಅದರಾಚೆ ಹೃದಯ. ಚೂಪಾದ ತುಂಡು ಚುಚ್ಚಿದರೆ ಹಸು ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಇಳಿಯಲು ನರಳುತ್ತದೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಯಂತ್ರದಲ್ಲಿ ಗೇರು ಕಟಕಟ ಸದ್ದು ಮಾಡಿದ ದಿನ ಕತ್ತರಿಸಿದ ಮೇವನ್ನು ಹರಡಿ ನೋಡದೆ ಹಾಕಬೇಡಿ. ಮೇವು ಬೀಳುವ ಕಡೆ ಒಂದು ಅಯಸ್ಕಾಂತವನ್ನು ಕಟ್ಟುವುದು ಉಪಯುಕ್ತ. ವಾರಕ್ಕೊಮ್ಮೆ ಬೋಲ್ಟುಗಳನ್ನು ಬಿಗಿ ಮಾಡಿ.

ಅಪಘಾತವಾದರೆ

ಮೊದಲು ಸ್ವಿಚ್ಚು, ಗೇರು. ಸಿಕ್ಕಿಕೊಂಡ ಕೈಯನ್ನು ಜಗ್ಗಬೇಡಿ. ಚಕ್ರ ನಿಲ್ಲಿಸಿ ಬಂಧಿಸಿ, ಮೇಲಿನ ರೋಲರನ್ನು ಒತ್ತಿರುವ ಸ್ಪ್ರಿಂಗಿನ ಬೋಲ್ಟು ಸಡಿಲಿಸಿ, ರೋಲರು ಎತ್ತಿ ಕೈ ಬಿಡಿಸಿ. ಗಾಯದ ಮೇಲೆ ಶುಭ್ರ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎತ್ತರಕ್ಕೆ ಹಿಡಿಸಿ. ಅರಿಶಿನ, ಕಾಫಿಪುಡಿ, ಸಗಣಿ ಹಚ್ಚಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಡಬ್ಬಿಯಲ್ಲಿಡಿ. ಬೆರಳು ನೇರವಾಗಿ ಐಸಿಗೆ ತಾಗಬಾರದು. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಿ. ಬೇಗ ತಲುಪಿದಷ್ಟೂ ಬೆರಳು ಮತ್ತೆ ಕೂಡುವ ಸಾಧ್ಯತೆ ಹೆಚ್ಚು. ಧನುರ್ವಾಯು ಚುಚ್ಚುಮದ್ದನ್ನು ಮರೆಯಬಾರದು.

ಸದಸ್ಯರು ಇಂದು ಸಂಜೆ ಒಂದು ಕೆಲಸ ಮಾಡಬೇಕೆಂದು ಕೋರುತ್ತೇನೆ. ಖಾಲಿ ಯಂತ್ರವನ್ನು ನ್ಯೂಟ್ರಲ್‌ನಲ್ಲಿಟ್ಟು ಓಡಿಸಿ, ಸ್ವಿಚ್ಚು ತೆಗೆದು, ಚಕ್ರ ಪೂರ್ತಿ ನಿಲ್ಲಲು ಎಷ್ಟು ಸೆಕೆಂಡು ಬೇಕೆಂದು ಮನೆಮಂದಿಯೆಲ್ಲ ದೂರದಲ್ಲಿ ನಿಂತು ಎಣಿಸಿರಿ. ಬಂದ ಸಂಖ್ಯೆಯನ್ನು ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಅಷ್ಟು ಹೊತ್ತು ಕಾದರೂ, ಚಕ್ರ ನಿಂತದ್ದನ್ನು ಕಣ್ಣಾರೆ ಕಂಡು ಮರದ ತುಂಡು ಕೊಟ್ಟ ಮೇಲೆಯೇ ಮೇವು ಬಿಡಿಸಲು ಹೋಗಿರಿ. ಹಾಲು ಕರೆಯಲು ಎರಡೂ ಕೈ ಬೇಕು.