ಮಾತಿನ ಗಂಟು

ಮಾತು ಮನಸ್ಸಿನ ಕನ್ನಡಿಯಂತೆ. ಹಾಗಾದರೆ ಮಾತನ್ನು ತಿದ್ದಿದರೆ ಮನಸ್ಸೂ ತಿದ್ದೀತೆ? ತಿದ್ದೀತೆಂದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿಚರ್ಡ್ ಬ್ಯಾಂಡ್ಲರ್ ಮತ್ತು ಭಾಷಾವಿಜ್ಞಾನಿ ಜಾನ್ ಗ್ರಿಂಡರ್ ನಂಬಿದರು. ವರ್ಜೀನಿಯಾ ಸಟೀರ್ ಮೊದಲಾದ ನುರಿತ ಚಿಕಿತ್ಸಕರು ನೊಂದವರೊಡನೆ ಮಾತನಾಡುವ ಬಗೆಯನ್ನು ಪರಿಶೀಲಿಸಿ ಅವರು ಕಟ್ಟಿದ ವಿಧಾನವೇ ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್.

ಅದರ ಒಂದು ಉಪಾಯ ಬಹು ಸರಳ. ಜಯನಗರದ ತಾಯಿಯೊಬ್ಬರು, 'ಮಗ ನನ್ನ ಮಾತನ್ನು ಎಂದೂ ಕೇಳುವುದಿಲ್ಲ' ಎಂದರೆನ್ನಿ. 'ಎಂದೂ? ಒಂದು ದಿನವೂ ಕೇಳಿದ್ದಿಲ್ಲವೆ?' ಎಂದು ಮೆಲ್ಲನೆ ವಿಚಾರಿಸಬೇಕು. ಆಗ ಆಕೆಗೆ ನೆನಪಾಗುತ್ತದೆ: ಮೊನ್ನೆ ಹೇಳಿದೊಡನೆ ಔಷಧಿ ತಂದುಕೊಟ್ಟವನು ಅವನೇ. 'ಎಂದೂ' ಎಂಬ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು.

ಆದರೆ ಈ ವಿಧಾನದ ಹೆಸರಿನಲ್ಲಿ ಕೇಳಿಬರುವ ದೊಡ್ಡ ಭರವಸೆಗಳನ್ನೆಲ್ಲ ನಂಬಲಾಗದು. ಕಣ್ಣು ಹೊರಳುವ ದಿಕ್ಕಿನಿಂದ ಸುಳ್ಳನ್ನು ಕಂಡುಹಿಡಿಯಬಹುದೆಂಬ ಮಾತಿಗೆ 2012ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಆಧಾರ ದೊರೆಯಲಿಲ್ಲ. ಅದೇ ಮಗ ಊಟ ನಿದ್ದೆ ತೊರೆದು, ಬದುಕೇ ಬೇಡವೆಂದರೆ ಪ್ರಶ್ನೆಯ ಜಾಣ್ಮೆ ಸಾಲದು. ಜಯನಗರಕ್ಕೆ ಸಮೀಪದಲ್ಲೇ, ಹೊಸೂರು ರಸ್ತೆಯಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಅಲ್ಲಿಗೆ ಕರೆದೊಯ್ಯಲು ನಾಚಬೇಕಾಗಿಲ್ಲ, ತಡಮಾಡಲೂ ಬಾರದು.

ಮಾತಿನ ಗಂಟನ್ನು ಮನೆಯಲ್ಲೇ ಬಿಡಿಸಬಹುದು. ಮನಸ್ಸಿನ ಗಾಯಕ್ಕೆ ವೈದ್ಯರ ಕೈ ಬೇಕು.