ಮಹಾನಗರದಲ್ಲಿ ತಂಗುವುದೆಲ್ಲಿ, ಉಣ್ಣುವುದೆಲ್ಲಿ?

ಸಿ.ಇ.ಟಿ. ಫಲಿತಾಂಶ ಬಂದು, ಯಾವ ಕಾಲೇಜು, ಯಾವ ವಿಷಯ ಎಂಬುದೆಲ್ಲ ಒಂದು ಹಂತಕ್ಕೆ ತೀರ್ಮಾನವಾದ ಮೇಲೆ ಪುತ್ತೂರು, ಸುಳ್ಯ, ಕಡಬ ಕಡೆಯ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಬೆಂಗಳೂರಿನಲ್ಲಿ ನಮ್ಮವರು ಯಾರಿದ್ದಾರೆ?” ಕಡಬ ತಾಲೂಕಿನ ಪೆರಾಬೆಯಂತಹ ಊರಿನಿಂದ ಉಪ್ಪಿನಂಗಡಿಗೆ ಬಂದು, ಶಿರಾಡಿ ಘಾಟಿ ಹತ್ತುವ ರಾತ್ರಿ ಬಸ್ಸು ಹಿಡಿಯಬೇಕಾದ ವಿದ್ಯಾರ್ಥಿಗೆ ಓದಿನ ಚಿಂತೆಗಿಂತ ಈ ಪ್ರಶ್ನೆಯ ಭಾರವೇ ಹೆಚ್ಚು. ಅಲ್ಲಿ ಗುರುತಿನವರಿಲ್ಲ ಎಂಬ ಒಂದೇ ಕಾರಣಕ್ಕೆ, ಸಿಕ್ಕಿದ ಸೀಟನ್ನು ಬಿಟ್ಟು ಹತ್ತಿರದಲ್ಲೇ ಏನಾದರೂ ಓದು ಎಂದು ಹೇಳಿಸಿಕೊಂಡವರು, ಅದರಲ್ಲೂ ಹೆಣ್ಣುಮಕ್ಕಳು, ನಿಮ್ಮ ತರಗತಿಯಲ್ಲೇ ಇರಬಹುದು. ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸಲು ಸಮಯ ಸಾಲದು. ಆ ಲೆಕ್ಕವನ್ನು ಇಲ್ಲಿ ಕೊಟ್ಟಿದೆ.

ಈ ಪ್ರಶ್ನೆ ಹೊಸದೇನಲ್ಲ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಮೈಸೂರು, ಬೆಂಗಳೂರುಗಳಿಗೆ ಓದಲು ಹೋದ ಬಡ ಹುಡುಗರು ವಾರಾನ್ನದಿಂದ ಬದುಕಿದರು. ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟ. ಮಲಗಲು ಯಾವುದಾದರೂ ಜಗಲಿಯೋ ಛತ್ರವೋ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ರೈಲಿಳಿದವನಿಗೆ ಕಣ್ಣಳತೆಯಲ್ಲೇ ತಂಗುವ ಜಾಗ ಇರಬೇಕೆಂಬ ಆ ವಿವೇಕವನ್ನು ಇಂದಿಗೂ ಮೆಚ್ಚಬೇಕು. ಆದರೆ ಈಗಿನ ಬೆಂಗಳೂರು ಆಗಿನದಲ್ಲ. ನೆಂಟರು ಇದ್ದರೂ ಅವರ ಮನೆ ವೈಟ್‌ಫೀಲ್ಡಿನಲ್ಲಿ, ನಿಮ್ಮ ಪರೀಕ್ಷಾ ಕೇಂದ್ರ ಯಲಹಂಕದಲ್ಲಿ ಎಂದಾದರೆ ನೆಂಟಸ್ತಿಕೆಯಿಂದ ಉಪಯೋಗವಿಲ್ಲ.

ದೊಡ್ಡ ನಗರದಲ್ಲಿ ನಾವು ನಿಜವಾಗಿ ಹಣ ತೆರುವುದು ಯಾವುದಕ್ಕೆ? ಹಾಸಿಗೆಗೆ, ಇಡ್ಲಿಗೆ ಎಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅದರ ಬಹುಪಾಲು ಜಾಗಕ್ಕೆ, ಮತ್ತು ಆ ಜಾಗವನ್ನು ನಾವು ಹಿಡಿದುಕೊಂಡಿರುವ ಹೊತ್ತಿಗೆ. ಎಷ್ಟು ಚದರ ಅಡಿ, ಎಷ್ಟು ಗಂಟೆ ಎಂಬ ಗುಣಾಕಾರವೇ ಬೆಲೆ. ಇದನ್ನು ಚೆನ್ನಾಗಿ ಅರಿತವರು ಜಪಾನೀಯರು. ಅಲ್ಲಿ ಕೋಣೆಯ ಅಳತೆಯನ್ನೇ ನೆಲಕ್ಕೆ ಹಾಸುವ ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಸಾಕಾ ನಗರದ ಶಿನ್-ಇಮಾಮಿಯಾ ನಿಲ್ದಾಣದ ಸುತ್ತ ದಿನಗೂಲಿ ಕಾರ್ಮಿಕರಿಗಾಗಿ ಇದ್ದ ಮೂರು ಚಾಪೆಯಷ್ಟಗಲದ ಕೋಣೆಗಳ ವಸತಿಗೃಹಗಳಲ್ಲಿ ಹಲವು ಈಗ ಕಡಿಮೆ ಖರ್ಚಿನ ಪ್ರವಾಸಿಗಳ ತಂಗುದಾಣಗಳಾಗಿವೆ. ಅದೇ ನಗರದ ಉಮೆದಾದಲ್ಲಿ 1979ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಅವರ ವಿನ್ಯಾಸದ ‘ಕ್ಯಾಪ್ಸೂಲ್ ಹೋಟೆಲ್’ ತೆರೆಯಿತು. ಇದರಲ್ಲಿ ಒಬ್ಬರಿಗೆ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗೂಡು. ಸ್ನಾನಗೃಹ ಎಲ್ಲರಿಗೂ ಸೇರಿ. ಸಾಮಾನಿಗೆ ಬೀಗದ ಪೆಟ್ಟಿಗೆ. ಹತ್ತಡಿಗೆ ಹತ್ತಡಿ ಕೋಣೆಯ ಐದನೇ ಒಂದು ಭಾಗದಷ್ಟು ನೆಲ ಮಾತ್ರ. ಕಡಿಮೆ ಮಾಡಿದ್ದು ಜಾಗವನ್ನು. ನೀರು, ಬೀಗ, ನಿಲ್ದಾಣದ ಸಾಮೀಪ್ಯ ಇವನ್ನಲ್ಲ. ನಾವು ಬೆಂಗಳೂರಿಗೆ ಹೋಗುವಾಗ ಮಾಡುವುದು ಸಾಮಾನ್ಯವಾಗಿ ಇದರ ತಲೆಕೆಳಗು. ದೊಡ್ಡ ಕೋಣೆ ಕಡಿಮೆ ಬಾಡಿಗೆಗೆ ಸಿಕ್ಕಿತೆಂದು ಊರ ಹೊರಗೆ ಹೋಗುತ್ತೇವೆ.

ಲೆಕ್ಕ ಹಾಕಿ ನೋಡಿ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನೀವು ವಿಚಾರಿಸಿದ ದರಗಳನ್ನು ಅವುಗಳ ಜಾಗದಲ್ಲಿಡಿ. ತಂದೆ ಮತ್ತು ಮಗಳು ಒಂದು ಪರೀಕ್ಷೆಗೆ ಬಂದಿದ್ದಾರೆ. ಮೆಟ್ರೊ ನಿಲ್ದಾಣದ ಬಳಿ ಕೋಣೆಗೆ ದಿನಕ್ಕೆ 900 ರೂ.; ಇಬ್ಬರು ಹೋಗಿಬರಲು ತಲಾ 60ರಂತೆ 120 ರೂ.; ಒಟ್ಟು 1,020. ಊರ ಹೊರಗಿನ ಕೋಣೆಗೆ 600 ರೂ.; ಬೆಳಗ್ಗೆ ಬೇಗ ತಲುಪಲು ಮತ್ತು ಮರಳಲು ಆಟೊಗೆ 400 ರೂ.; ಒಟ್ಟು 1,000. ಉಳಿತಾಯ 300 ರೂ. ಎಂದು ಕಂಡದ್ದು ಕೊನೆಗೆ 20 ರೂ. ಆಯಿತು. ಅದಕ್ಕಾಗಿ ಪರೀಕ್ಷೆಯ ದಿನ ರಸ್ತೆಯಲ್ಲಿ ಕಳೆದ ಎರಡು ಮೂರು ಗಂಟೆಯನ್ನು ಯಾವ ಕಾಲಂನಲ್ಲಿ ಬರೆಯೋಣ? ಆದ್ದರಿಂದ ಮೊದಲು ನಕ್ಷೆಯಲ್ಲಿ ಪರೀಕ್ಷಾ ಕೇಂದ್ರವನ್ನು ಗುರುತಿಸಿ, ಅದರ ಹತ್ತಿರದ ಮೆಟ್ರೊ ನಿಲ್ದಾಣ ಯಾವ ಮಾರ್ಗದಲ್ಲಿದೆ ನೋಡಿ, ಆ ಮಾರ್ಗದಲ್ಲೇ ಕೋಣೆ ಹುಡುಕಿ. ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದು ಮೆಜೆಸ್ಟಿಕ್‌ನಲ್ಲಿ. ಬಸ್ ನಿಲ್ದಾಣ, ರೈಲು ನಿಲ್ದಾಣಗಳೂ ಅಲ್ಲೇ ಇರುವುದರಿಂದ ಗಾಂಧಿನಗರ, ಕಾಟನ್‌ಪೇಟೆಯ ಲಾಡ್ಜುಗಳು ಇಂದಿಗೂ ನಡೆಯುತ್ತಿವೆ. ಭಾನುವಾರ ಮೊದಲ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಹೊರಡುತ್ತದೆ ಎಂಬುದು ಮಾತ್ರ ನೆನಪಿರಲಿ. ಪರೀಕ್ಷೆಗಳು ಹೆಚ್ಚಾಗಿ ಇರುವುದು ಭಾನುವಾರವೇ.

ಲಾಡ್ಜಿನಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ದಿನದ ಲೆಕ್ಕ ಹೇಗೆ? ಕೆಲವು ಕಡೆ ನೀವು ಒಳಬಂದ ಗಳಿಗೆಯಿಂದ 24 ಗಂಟೆಗೆ ಒಂದು ದಿನ. ಕೆಲವು ಕಡೆ ಮಧ್ಯಾಹ್ನ 12ಕ್ಕೆ ದಿನ ಮುಗಿಯುತ್ತದೆ. ನಮ್ಮ ಕಡೆಯ ರಾತ್ರಿ ಬಸ್ಸುಗಳು ಬೆಂಗಳೂರು ತಲುಪುವುದು ನಸುಕಿನಲ್ಲಿ. ಶನಿವಾರ ಬೆಳಗ್ಗೆ 5ಕ್ಕೆ ಕೋಣೆ ಹಿಡಿದು ಭಾನುವಾರ ರಾತ್ರಿ 10ಕ್ಕೆ ಬಿಟ್ಟರೆ ಮೊದಲ ಪದ್ಧತಿಯಲ್ಲಿ ಎರಡು ದಿನದ ಬಾಡಿಗೆ, ಎರಡನೆಯದರಲ್ಲಿ ಮೂರು ದಿನದ್ದು! ಒಂದೇ ಹಾಸಿಗೆ, ಅದೇ 41 ಗಂಟೆ. ತೆರಿಗೆ ಸೇರಿ ಎಷ್ಟು ಎಂದೂ ಆಗಲೇ ಕೇಳಿಬಿಡಿ. ಗುರುತಿನ ಚೀಟಿ ಎಲ್ಲ ಕಡೆಯೂ ಬೇಕು. ಹದಿನೆಂಟು ತುಂಬದವರಿಗೆ ಒಂಟಿಯಾಗಿ ಕೋಣೆ ಕೊಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಹಿರಿಯರೊಬ್ಬರು ಜೊತೆಗಿರಲಿ.

ಒಂದೇ ದಿನದ ಕೆಲಸವಾದರೆ ಲಾಡ್ಜು ಬೇಕೇ ಎಂದೂ ಯೋಚಿಸಬೇಕು. ಕಬಕ ಪುತ್ತೂರಿನಲ್ಲಿ ಅಥವಾ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿದವರು ಬೆಂಗಳೂರು ನಿಲ್ದಾಣದಲ್ಲೇ ಮುಖ ತೊಳೆದು, ಚೀಲವನ್ನು ಕ್ಲೋಕ್ ರೂಮಿನಲ್ಲಿಟ್ಟು ಹೊರಡಬಹುದು. ಚೀಲಕ್ಕೆ ಬೀಗ ಇರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಖಚಿತವಾದ ರೈಲು ಟಿಕೆಟ್ ಇದ್ದವರು ನಿಲ್ದಾಣದ ವಿಶ್ರಾಂತಿ ಕೊಠಡಿ ಅಥವಾ ಡಾರ್ಮಿಟರಿ ಹಾಸಿಗೆಯನ್ನು ಮುಂಗಡವಾಗಿ ಕಾದಿರಿಸಲೂ ಅವಕಾಶವಿದೆ. ಒಸಾಕಾದ ಗೂಡಿಗೆ ನಮ್ಮ ಉತ್ತರ ಈ ಡಾರ್ಮಿಟರಿಯೇ. ಆದರೆ ಇದು ಕಾಲೇಜು ಸೇರ್ಪಡೆ, ದಾಖಲೆ ಪರಿಶೀಲನೆಯಂತಹ ಕೆಲಸಕ್ಕೆ ಸರಿ. ಮೂರು ಗಂಟೆ ಕುಳಿತು ಬರೆಯುವ ಪರೀಕ್ಷೆಗೆ ಹಿಂದಿನ ರಾತ್ರಿಯ ನಿದ್ದೆಯನ್ನು ಉಳಿತಾಯದ ಪಟ್ಟಿಗೆ ಸೇರಿಸಬಾರದು ಎಂಬುದು ನನ್ನ ಅಭಿಪ್ರಾಯ. ಹುಡುಗಿಯರಿಗೆ ಒಂದು ಅನುಕೂಲ: 2023ರ ಜೂನ್ 11ರಂದು ಜಾರಿಯಾದ ‘ಶಕ್ತಿ’ ಯೋಜನೆಯಂತೆ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಊಟ. ಚಿತ್ರೀಕರಣಕ್ಕೆ ಹೊರಟ ನಮ್ಮ ತಂಡ ಹೊಸ ಊರು ತಲುಪಿದೊಡನೆ ಮೊದಲು ನೋಡುವುದು ಊಟ ಎಲ್ಲಿ ಎಂಬುದನ್ನು; ಕ್ಯಾಮೆರಾ ಇಡುವ ಜಾಗ ಆಮೇಲೆ. ವಿದ್ಯಾರ್ಥಿಯೂ ಹಾಗೆಯೇ ಮಾಡುವುದು ಒಳ್ಳೆಯದು. ಕೋಣೆಗೆ ದಿನಕ್ಕೊಮ್ಮೆ ಹಣ ಕೊಟ್ಟರೆ ಆಯಿತು, ಊಟಕ್ಕೆ ಮೂರು ಸಲ.

ಜಾಗ ಮತ್ತು ಹೊತ್ತಿನ ಸೂತ್ರ ಇಲ್ಲಿಯೂ ಕೆಲಸ ಮಾಡುತ್ತದೆ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ‘ಕೆಫೆ ದರ್ಶಿನಿ’ ಆರಂಭವಾದಾಗ ಕುರ್ಚಿಯೇ ಇಲ್ಲದ ಹೋಟೆಲು ಜನರಿಗೆ ವಿಚಿತ್ರವಾಗಿ ಕಂಡಿರಬೇಕು. ಕುಳಿತು ದೋಸೆ ತಿಂದು ಕಾಫಿ ಕುಡಿದು ಏಳಲು ಅರ್ಧ ಗಂಟೆಯಾದರೆ, ನಿಂತು ತಿನ್ನಲು ಹತ್ತು ನಿಮಿಷ. ಅದೇ ಜಾಗದಲ್ಲಿ ಒಬ್ಬನ ಬದಲು ಮೂವರು ತಿನ್ನುತ್ತಾರೆ. ಬಡಿಸುವವರ ಸಂಬಳವೂ ಉಳಿಯುತ್ತದೆ. ಹೀಗಾಗಿ ರುಚಿ ಇಳಿಯದೆ ಬೆಲೆ ಇಳಿಯಿತು. ಜಪಾನಿನ ರೈಲು ನಿಲ್ದಾಣಗಳಲ್ಲಿ ನಿಂತೇ ನೂಡಲ್ಸ್ ತಿನ್ನುವ ಅಂಗಡಿಗಳಿವೆ. ಬಾಗಿಲಲ್ಲಿರುವ ಯಂತ್ರಕ್ಕೆ ನಾಣ್ಯ ಹಾಕಿ ಚೀಟಿ ಪಡೆದು ಒಳಗೆ ಕೊಡುವ ಪದ್ಧತಿ ಅಲ್ಲಿ ಸಾಮಾನ್ಯ. ನಮ್ಮ ದರ್ಶಿನಿಯ ಟೋಕನ್ನಿನಂತೆಯೇ. 1958ರಲ್ಲಿ ಹಿಗಾಶಿ-ಒಸಾಕಾದ ಯೊಶಿಯಾಕಿ ಶಿರೈಶಿ ಎಂಬವರು ತಟ್ಟೆಗಳನ್ನು ಚಲಿಸುವ ಪಟ್ಟಿಯ ಮೇಲಿಟ್ಟು, ಗಿರಾಕಿಗಳೇ ಎತ್ತಿಕೊಳ್ಳುವ ಹೋಟೆಲು ತೆರೆದರು. ಅವರು ತಗ್ಗಿಸಿದ್ದೂ ಬಡಿಸುವ ಖರ್ಚನ್ನೇ. ಮುಂದೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೇ ಓದಲು ಹೋದರೆ ಅನ್ನ, ಸಾರು, ಉಪ್ಪಿನಕಾಯಿ, ಒಂದು ಪದಾರ್ಥ ಸೇರಿದ ‘ತೇಶೊಕು’ ಎಂಬ ಊಟದ ತಟ್ಟೆಯನ್ನು, ಮತ್ತು ವಿಶ್ವವಿದ್ಯಾಲಯದ ಕ್ಯಾಂಟೀನನ್ನು ವಿಚಾರಿಸಿ. ಶಾಕಾಹಾರಿಗಳು ಎಚ್ಚರ ವಹಿಸಬೇಕು: ಅಲ್ಲಿನ ಸಾರಿನ ಮೂಲದ್ರವ್ಯ ಹೆಚ್ಚಾಗಿ ಒಣಮೀನಿನದು.

ಬೆಂಗಳೂರಿಗೆ ಮರಳೋಣ. 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಬೆಳಗಿನ ತಿಂಡಿಗೆ 5 ರೂ., ಊಟಕ್ಕೆ 10 ರೂ. ಎಂದು ದರ ಗೊತ್ತುಮಾಡಲಾಗಿತ್ತು. ಅಲ್ಲಿ ತಿನ್ನಲು ಸಂಕೋಚಪಡುವ ವಿದ್ಯಾರ್ಥಿಗಳುಂಟು. ಆ ಸಂಕೋಚಕ್ಕೆ ಅರ್ಥವಿಲ್ಲ. ಹೊತ್ತು ಮೀರಿ ಹೋದರೆ ಆಹಾರ ಮುಗಿದಿರುತ್ತದೆ, ಅಷ್ಟೆ. ಬೆಳಗ್ಗೆ ದರ್ಶಿನಿಯ ಇಡ್ಲಿ, ಮಧ್ಯಾಹ್ನ ಹೊಟ್ಟೆ ತುಂಬುವ ಊಟ, ರಾತ್ರಿ ಹಗುರವಾಗಿ ಏನಾದರೂ ಎಂದು ಇಟ್ಟುಕೊಂಡರೆ ಖರ್ಚೂ ಆರೋಗ್ಯವೂ ಹಿಡಿತದಲ್ಲಿರುತ್ತವೆ. ಹೆಸರಾದ ಹಳೆಯ ಹೋಟೆಲುಗಳನ್ನು ನೋಡಬೇಕೆಂಬ ಆಸೆ ತಪ್ಪಲ್ಲ. ಗಾಂಧಿಬಜಾರಿನ ‘ವಿದ್ಯಾರ್ಥಿ ಭವನ’ 1943ರಲ್ಲಿ ಆರಂಭವಾದದ್ದು, ಹೆಸರೇ ಹೇಳುವಂತೆ, ವಿದ್ಯಾರ್ಥಿಗಳಿಗಾಗಿ. ಆದರೆ ರಜಾದಿನಗಳಲ್ಲಿ ಅಲ್ಲಿ ಸಾಲು ಬೆಳೆದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಹೋಗಿ. ಕುಚ್ಚಲಕ್ಕಿ ಅನ್ನ ಬೇಕೆನ್ನುವವರಿಗೆ ಕರಾವಳಿಯವರ ಹೋಟೆಲು ಹುಡುಕಬೇಕಾಗುತ್ತದೆ. ಬೆಳ್ತಿಗೆ ಅನ್ನ ಒಂದು ವಾರದಲ್ಲಿ ಒಗ್ಗುತ್ತದೆ, ರಾಗಿಮುದ್ದೆಗೆ ಸ್ವಲ್ಪ ಹೆಚ್ಚು ದಿನ ಬೇಕು.

ವರ್ಷಗಟ್ಟಲೆ ಇರಬೇಕಾದವರ ಲೆಕ್ಕ ಬೇರೆ. ಗೂಡಿನಲ್ಲಿ ಒಂದು ರಾತ್ರಿ ಕಳೆಯಬಹುದು, ಮೂರು ವರ್ಷ ಓದಲಾಗದು. ಮೊದಲು ಕಾಲೇಜಿನ ಹಾಸ್ಟೆಲು, ಆಮೇಲೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಿದ್ಯಾರ್ಥಿನಿಲಯ, ಅನಂತರ ಸಂಘಸಂಸ್ಥೆಗಳ ಹಾಸ್ಟೆಲುಗಳನ್ನು ವಿಚಾರಿಸಿ. ಸರಕಾರಿ ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಹಣ ಕೊಡುವ ‘ವಿದ್ಯಾಸಿರಿ’ ಯೋಜನೆ 2013-14ರಲ್ಲಿ ಬಂತು; ಆಗ ತಿಂಗಳಿಗೆ 1,500 ರೂ.ನಂತೆ ವರ್ಷಕ್ಕೆ ಹತ್ತು ತಿಂಗಳು. ಅರ್ಜಿಯ ಕೊನೆಯ ದಿನಾಂಕವನ್ನು ಊರಿನಲ್ಲಿರುವಾಗಲೇ ತಿಳಿದುಕೊಳ್ಳಿ.

ಇವೆಲ್ಲ ಕೈಗೂಡದಿದ್ದರೆ ಪಿ.ಜಿ. ಇದ್ದೇ ಇದೆ. ಚಿತ್ರ ನೋಡಿ ಮುಂಗಡ ಕಳಿಸಬೇಡಿ; ಹೋಗಿ ನೋಡಿ, ಅಲ್ಲಿ ಈಗಾಗಲೇ ಇರುವ ಒಬ್ಬರನ್ನು ಮಾತನಾಡಿಸಿ. ಬೆಂಗಳೂರು ಮಹಾನಗರ ಪಾಲಿಕೆ 2024ರಲ್ಲಿ ಪಿ.ಜಿ.ಗಳಿಗೆ ಹೊರಡಿಸಿದ ನಿಯಮಗಳಂತೆ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕು. ಹತ್ತಡಿಗೆ ಹದಿನಾಲ್ಕಡಿಯ ಕೋಣೆ ಎಂದರೆ 140 ಚದರ ಅಡಿ, ಅಂದರೆ ಇಬ್ಬರಿಗೆ. ಅಲ್ಲಿ ನಾಲ್ಕು ಮಂಚ ಕಂಡರೆ ನಿಮಗೆ ಸಿಗುವುದು 35 ಚದರ ಅಡಿ. ಕೋಣೆಯನ್ನು ಹೆಜ್ಜೆಯಿಂದ ಅಳೆಯಲು ನಾಚಿಕೆ ಬೇಡ. ನಲ್ಲಿ ತಿರುಗಿಸಿ ನೋಡಿ. ಎರಡನೇ ಮೆಟ್ಟಿಲು ಎಲ್ಲಿದೆ, ರಾತ್ರಿ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಬಿಟ್ಟುಹೋಗುವಾಗ ಮುಂಗಡದಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬೆರಡನ್ನೂ ರಶೀದಿಯ ಹಿಂಬದಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ.